ಎರಡು ರೊಟ್ಟಿ, ಒಂದು ದವಡೆ ಹಲ್ಲು

ಎಲ್ಲಕ್ಕೂ ಮೂಲ ಒಂದು ಜರ್ದಾಳು ಬೀಜ. ಉಪ್ಪುನೀರಿನಲ್ಲಿ ನೆನೆಸಿ ಬೂದಿಯಲ್ಲಿ ಹುರಿದ ಬೀಜವದು. ಬಾಯಿ ಬಿಟ್ಟದ್ದನ್ನು ಉಗುರಿನಿಂದ ಬಿಡಿಸಬೇಕು, ಬಿಡದೆ ಬಿಗಿದುಕೊಂಡದ್ದನ್ನು ಕಲ್ಲಿನಿಂದ ಕುಟ್ಟಬೇಕು. ಫರ್ಗಾನಾ ಕಣಿವೆಯಲ್ಲಿ ಹಾಲುಹಲ್ಲಿನ ಮಗುವಿಗೂ ಇದು ಗೊತ್ತು. ಕುಂಬಾರ ಮಮಾಸೋಲಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೆ ಕಲ್ಲು ಎರಡು ಮಾರು ದೂರದಲ್ಲಿತ್ತು, ಹಲ್ಲು ಬಾಯಲ್ಲೇ ಇತ್ತು. ಏಳಲು ಸೋಮಾರಿತನವಾಗಿ ದವಡೆಗೆ ಕೊಟ್ಟು ಕಚ್ಚಿದ. ಕಟ್ ಎಂದು ಸದ್ದಾಯಿತು. ಬೀಜ ಒಡೆದಿರಲಿಲ್ಲ.

ಇದು ಹೋದ ಶುಕ್ರವಾರದ ಮಾತು. ಈ ಗುರುವಾರದ ಹೊತ್ತಿಗೆ ಮಮಾಸೋಲಿಯ ಬಲಗೆನ್ನೆ ಹುಳಿಬಂದ ಹಿಟ್ಟಿನಂತೆ ಉಬ್ಬಿ ಕಣ್ಣನ್ನು ಮೇಲಕ್ಕೆ ನೂಕಿತ್ತು. ಆರು ದಿನದಿಂದ ಅಗಿಯುವುದಿಲ್ಲ, ಮಲಗುವುದಿಲ್ಲ, ಮಾತಾಡಿದರೆ ಅರ್ಧ ಅಕ್ಷರ ಒಳಗೇ ಉಳಿಯುತ್ತದೆ. ಕೆಟ್ಟದ್ದು ಕೊಟ್ಟಕೊನೆಯ ದವಡೆ ಹಲ್ಲು, ಬುದ್ಧಿಹಲ್ಲು ಎನ್ನುತ್ತೇವಲ್ಲ, ಅದು.

"ಇಪ್ಪತ್ತೈದನೇ ವರ್ಷಕ್ಕೆ ಬಂದ ಬುದ್ಧಿ, ಐವತ್ತಕ್ಕೆ ಹುಳುಕಾಯ್ತು ನೋಡಿ" ಎಂದು ಮೊದಲ ದಿನ ಹೆಂಡತಿ ಹನೀಫಾ ನಕ್ಕಿದ್ದಳು. ಆರನೆಯ ದಿನ ಅವಳಿಗೂ ನಗು ಬರಲಿಲ್ಲ. ಅವನು ನರಳುತ್ತಿದ್ದರೆ ಪಕ್ಕದಲ್ಲಿ ಮಲಗಿದವಳಿಗೆ ನಿದ್ದೆ ಎಲ್ಲಿಂದ ಬರಬೇಕು?

ಊರಲ್ಲಿ ಹಲ್ಲಿನ ಡಾಕ್ಟರು ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ನಮ್ಮ ಓಕ್‌ತೆಪಾ ಊರಿಗೆಲ್ಲ ಅವರೊಬ್ಬರೇ, ಮಸ್ತುರಾ ಓಪಾ. ಓಪಾ ಎಂದರೆ ಅಕ್ಕ. ಊರೇ ಅವರನ್ನು ಅಕ್ಕನೆಂದು ಕರೆಯುತ್ತದೆ. ಕೈ ಬಹಳ ಹಗುರ, ಮಾತು ಅದಕ್ಕಿಂತ ಮೆದು. ತೊಂದರೆ ಇದ್ದದ್ದು ಡಾಕ್ಟರಲ್ಲಿ ಅಲ್ಲ, ಮಮಾಸೋಲಿಯ ಮೊಣಕಾಲಲ್ಲಿ. ಮಡಕೆ ಸುಡುವ ಆವಿಗೆಯ ಬಾಯಿಗೆ ತಲೆ ಹಾಕಿ ಕೆಂಡ ಕೆದಕುವ ಗಂಡಸು, ಹಲ್ಲಿನ ಡಾಕ್ಟರು ಎಂಬ ಮಾತು ಕಿವಿಗೆ ಬಿದ್ದರೆ ಗೋಡೆ ಹಿಡಿದುಕೊಳ್ಳುತ್ತಿದ್ದ.

ಅದಕ್ಕೂ ಕಾರಣ ಇತ್ತೆನ್ನಿ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಸೈನ್ಯದಲ್ಲಿದ್ದಾಗ, ಅವನ ಒಂದು ಹಲ್ಲು ಕೊರೆದಿದ್ದರು. ಕೊರೆಯುವ ಯಂತ್ರವನ್ನು ಇನ್ನೊಬ್ಬ ಸೈನಿಕ ಹೊಲಿಗೆ ಯಂತ್ರದಂತೆ ಕಾಲಲ್ಲಿ ತುಳಿಯಬೇಕಾಗಿತ್ತು. ಆ ಮಹಾನುಭಾವ ಹಿಂದಿನ ರಾತ್ರಿ ಕಾವಲು ಕಾದು ಬಂದವನು, ಅರ್ಧ ಕೊರೆದ ಮೇಲೆ ತುಳಿಯುತ್ತಲೇ ನಿದ್ದೆಹೋದ. ಆ ದಿನದಿಂದ ಮಮಾಸೋಲಿ ತನ್ನ ಬಾಯನ್ನು ಊಟಕ್ಕೆ ಮಾತ್ರ ತೆರೆಯುವುದೆಂದು ತೀರ್ಮಾನ ಮಾಡಿದ್ದ.

ಹೀಗಾಗಿ ಆರು ದಿನ ಮನೆಮದ್ದು ನಡೆಯಿತು. ಲವಂಗ ಒತ್ತಿದ, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟ. ಬಲಗಡೆ ಹಲ್ಲಿಗೆ ಎಡಗೈ ಮಣಿಕಟ್ಟಿನ ಮೇಲೆ ಬೆಳ್ಳುಳ್ಳಿ ಕಟ್ಟಬೇಕೆಂದು ಯಾರೋ ಹೇಳಿದರು, ಕಟ್ಟಿದ. ಮಣಿಕಟ್ಟು ಸುಟ್ಟು ಬೊಬ್ಬೆ ಬಂತು, ಹಲ್ಲು ಹಾಗೇ ಇತ್ತು. ಈಗ ನೋಯುವ ಜಾಗ ಎರಡಾದವು.

ಗುರುವಾರ ಬೆಳಿಗ್ಗೆ ಹನೀಫಾ ಚಹಾದ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

"ರೀ, ಇವತ್ತು ಈ ಮನೆಯಿಂದ ಇಬ್ಬರಲ್ಲಿ ಒಬ್ಬರು ಹೊರಗೆ ಹೋಗ್ಬೇಕು. ಒಂದೋ ಆ ಹಲ್ಲು, ಇಲ್ಲಾಂದ್ರೆ ನಾನು. ಯಾರು ಅಂತ ಹೇಳಿ."

ಮಮಾಸೋಲಿ ತಕ್ಷಣ ಉತ್ತರ ಕೊಡಬೇಕಿತ್ತು. ಅವನು ಸ್ವಲ್ಪ ಯೋಚಿಸಿದ. ಕೆಲಸ ಕೆಟ್ಟದ್ದು ಅಲ್ಲೇ.

ಹನೀಫಾ ನೇರವಾಗಿ ಹೋಗಿ ಪಕ್ಕದ ಮನೆಯ ಗೋಡೆಯ ಮೇಲಿಂದ ತಲೆ ಹಾಕಿ, "ಸಲೋಮತ್ ಖೋಲಾ!" ಎಂದು ಕೂಗಿದಳು. ಸಲೋಮತ್ ಖೋಲಾ ಪಕ್ಕದ ಮನೆಯ ಚಿಕ್ಕಮ್ಮ. ಮೊಹಲ್ಲಾದ ಅರ್ಧ ಮದುವೆಗಳನ್ನು ಕುದುರಿಸಿದವಳು, ಇನ್ನರ್ಧಕ್ಕೆ ಹೋಗಿ ತಪ್ಪು ಹುಡುಕಿದವಳು. ಅವಳ ಕಿವಿಗೆ ಹಾಕುವುದೂ ಒಂದೇ, ಮಸೀದಿಯ ಮೈಕಿಗೆ ಹೇಳುವುದೂ ಒಂದೇ. ಕಾಲು ಗಂಟೆಯಲ್ಲಿ ಖೋಲಾ ಬಂದಳು. ಒಬ್ಬಳೇ ಬರಲಿಲ್ಲ, ಮೊಹಲ್ಲಾದ ಹಿರಿಯರು ನಿಶೋನ್ ಓತಾರನ್ನೂ ಕೋಲಿನ ಸಮೇತ ಕರೆತಂದಳು. ಎಪ್ಪತ್ತಾರು ವರ್ಷದ ಓತಾರ ಗಡ್ಡ ಹೊಟ್ಟೆಯವರೆಗೆ ಇಳಿದಿತ್ತು. ಅವರ ಮಾತು ಅದಕ್ಕಿಂತ ಉದ್ದ.

"ಎಲ್ಲಿ ಅವನು?" ಎಂದರು ಓತಾ.

"ಈಗ ಇಲ್ಲೇ ಇದ್ರಲ್ಲ" ಎಂದಳು ಹನೀಫಾ.

ಚಹಾ ಇತ್ತು, ಬಟ್ಟಲಿತ್ತು, ಕೆನ್ನೆಗೆ ಕಟ್ಟಿಕೊಂಡಿದ್ದ ಬಿಳಿ ಬಟ್ಟೆ ಕೂಡ ಕಟ್ಟೆಯ ಮೇಲೆ ಬಿದ್ದಿತ್ತು. ಮಮಾಸೋಲಿ ಮಾತ್ರ ಇರಲಿಲ್ಲ. ಕೋಳಿಗೂಡು ನೋಡಿದರು, ದನದ ಕೊಟ್ಟಿಗೆ ನೋಡಿದರು. ಕೊನೆಗೆ ಖೋಲಾ ಮೂಗು ಅರಳಿಸಿ, ಆರಿದ ಆವಿಗೆಯ ಮುಂದೆ ನಿಂತಳು. "ಇದರೊಳಗಿಂದ ಲವಂಗದ ವಾಸನೆ ಬರ್ತಾ ಇದೆ."

ಓತಾ ಆವಿಗೆಯ ಗೋಡೆಯನ್ನು ಕೋಲಿನಿಂದ ಮೂರು ಸಲ ತಟ್ಟಿದರು. "ಮಮಾಸೋಲಿ, ಹೊರಗೆ ಬಾಪ್ಪಾ."

"ನಾನಿಹ್ಲ" ಎಂದು ಒಳಗಿನಿಂದ ಸದ್ದು ಬಂತು.

"ಹನೀಫಾ, ಆ ಬೆಂಕಿಪೊಟ್ಟಣ ತಗೊಂಡು ಬಾಮ್ಮ. ಒಳಗೆ ಯಾರೂ ಇಲ್ವಂತೆ, ಹಚ್ಚಿಬಿಡೋಣ."

ಮಮಾಸೋಲಿ ಹೊರಗೆ ಬಂದ. ಮೈಯೆಲ್ಲ ಬೂದಿ. ಎರಡು ಕಣ್ಣು ಮತ್ತು ಒಂದು ಕೆನ್ನೆ ಮಾತ್ರ ಎದ್ದು ಕಾಣುತ್ತಿದ್ದವು. ಖೋಲಾ ಎದೆಯ ಮೇಲೆ ಕೈಯಿಟ್ಟು, "ಥೂ, ಈ ವೇಷದಲ್ಲಿ ಡಾಕ್ಟರ ಹತ್ರ ಹೋದ್ರೆ ನಮ್ಮ ಮೊಹಲ್ಲಾದ ಮಾನ ಏನಾಗ್ಬೇಕು? ಮೈ ತೊಳೆಸು ಹನೀಫಾ. ಹೊಸ ನಿಲುವಂಗಿ ಹಾಕಿಸು. ಆ ಬಟ್ಟೆ ಮತ್ತೆ ಗಲ್ಲಕ್ಕೆ ಕಟ್ಟಬೇಡ. ಗಲ್ಲ ಕಟ್ಟೋದು ಸತ್ತವರಿಗೆ" ಎಂದಳು.

"ಹಲ್ಲು ಕೀಳಿಸೋದಕ್ಕೆ ಹೊಹ ಅಂಗಿ ಯಾಕೆ?" ಎಂದು ಮಮಾಸೋಲಿ ಗೊಣಗಿದ. ಕುರಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ? ಅರ್ಧ ಗಂಟೆಯಲ್ಲಿ ಅವನಿಗೆ ಹಬ್ಬಕ್ಕೆಂದು ಎತ್ತಿಟ್ಟ ಪಟ್ಟೆಪಟ್ಟೆ ನಿಲುವಂಗಿ, ಕಸೂತಿಯ ಟೋಪಿ ಏರಿದವು. ಗಂಡ ಇಷ್ಟು ಚಂದ ಕಾಣುವಾಗ ತಾನು ಹಳೆಯ ಬಟ್ಟೆಯಲ್ಲಿ ಹೋಗುವುದೇ ಎಂದು ಹನೀಫಾ ರೇಷ್ಮೆ ಶಿರವಸ್ತ್ರ ಕಟ್ಟಿದಳು. ಖೋಲಾ ತನ್ನ ಮನೆಗೆ ಓಡಿ, ತಾನೂ ರೇಷ್ಮೆ ಕಟ್ಟಿಕೊಂಡು, ಆಗಷ್ಟೇ ತಂದೂರಿನಿಂದ ತೆಗೆದ ಎರಡು ದುಂಡು ನಾನ್ ರೊಟ್ಟಿಗಳನ್ನು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿ ತಂದಳು. "ಬರಿಗೈಲಿ ಹೋಗೋದಾ? ರೊಟ್ಟಿ ಮುಂದಿಟ್ಟರೆ ಇಕ್ಕಳನೂ ಮೆತ್ತಗಾಗುತ್ತೆ."

ಮೂವರೂ ಅವನನ್ನು ನಡುವೆ ಹಾಕಿಕೊಂಡು ಹೊರಟರು. ಮುಂದೆ ಓತಾ, ಹಿಂದೆ ಇಬ್ಬರು ಹೆಂಗಸರು. ತಪ್ಪಿಸಿಕೊಂಡು ಓಡುವುದಕ್ಕೆ ಸಂದು ಬಿಡಲಿಲ್ಲ.

ಕ್ಲಿನಿಕ್ಕಿನ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿತ್ತು. "ಕರೆಂಟ್ ಇಲ್ಲ. ಇವತ್ತು ರಜೆ." ಅದನ್ನು ಓದಿದ ಮಮಾಸೋಲಿಯ ಮುಖದಲ್ಲಿ ಆರು ದಿನದಲ್ಲಿ ಮೊದಲ ಸಲ ನಗು ಕಂಡಿತು. ಅರ್ಧ ಮುಖದಲ್ಲಿ ಮಾತ್ರ, ಇನ್ನರ್ಧಕ್ಕೆ ಆಗಲಿಲ್ಲ. ವಿದ್ಯುತ್ ಇಲಾಖೆಯವರ ಮಕ್ಕಳು ಮರಿಗಳು ನೂರು ವರ್ಷ ಬಾಳಲಿ ಎಂದು ಮನಸ್ಸಿನಲ್ಲೇ ಹರಸಿ, ಮನೆಯ ಕಡೆಗೆ ತಿರುಗಿದ.

"ಎಲ್ಲಿಗೆ?" ಓತಾರ ಕೋಲು ಅಡ್ಡ ಬಂತು. "ಕೀಳೋದಕ್ಕೆ ಕರೆಂಟು ಯಾಕೆ? ಬೇಕಾಗಿರೋದು ಡಾಕ್ಟರ ಕೈ. ಆ ಕೈ ಈಗ ಮನೇಲಿದೆ. ಮನೆ ಎರಡು ಬೀದಿ ಆಚೆ."

ಆ ಎರಡು ಬೀದಿಯಲ್ಲಿ ಒಂದು ವಿಚಿತ್ರ ನಡೆಯಿತು. ಬಾಗಿಲು ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ಬಿಟ್ಟು ಎದೆಗೆ ಕೈಯಿಟ್ಟು, "ಹೋದ ಕೆಲಸ ಹೂವಾಗಲಿ!" ಎಂದಳು. ಚಹಾದಂಗಡಿಯ ಮುಂದೆ ಕುಳಿತ ಮುದುಕರು, "ದೇವರು ಒಳ್ಳೇದು ಮಾಡಲಿ, ಬಾಯಿ ಸಿಹಿಯಾಗಲಿ!" ಎಂದು ಅಂಗೈ ಎತ್ತಿ ಹರಸಿದರು. ಒಬ್ಬ ಹಲ್ಲುನೋವಿನವನಿಗೆ ಊರು ಇಷ್ಟೊಂದು ಮರುಗುತ್ತದೆಂದು ಮಮಾಸೋಲಿಗೆ ಗೊತ್ತಿರಲಿಲ್ಲ. ಅವನ ಕಣ್ಣು ತೇವವಾಯಿತು.

ಊರಿನವರ ತಪ್ಪಲ್ಲ. ಬಿಳಿಗಡ್ಡದ ಹಿರಿಯರು ಮುಂದೆ, ರೇಷ್ಮೆ ಕಟ್ಟಿದ ಹೆಂಗಸರಿಬ್ಬರು ಹಿಂದೆ, ಹೊಸ ನಿಲುವಂಗಿ, ಬಿಳಿ ವಸ್ತ್ರದಲ್ಲಿ ಎರಡು ರೊಟ್ಟಿ. ನಮ್ಮ ಕಡೆ ಹೀಗೆ ಹೋಗುವವರು ಹೆಣ್ಣು ಕೇಳಲು ಹೋಗುವವರು ಮಾತ್ರ. ನಲವತ್ತು ಮದುವೆ ಮುಂದೆ ನಿಂತು ಮಾಡಿಸಿದ ಓತಾರಿಗೂ ಖೋಲಾಗೂ ತಾವೀಗ ಹೇಗೆ ಕಾಣುತ್ತಿದ್ದೇವೆಂದು ಹೊಳೆಯಲಿಲ್ಲ. ತನ್ನ ಬೆನ್ನು ತನಗೆ ಕಾಣದು.

ಮಸ್ತುರಾ ಓಪಾ ಬಾಗಿಲು ತೆರೆದರು. ಗಂಡ ತೀರಿಕೊಂಡು ಎಂಟು ವರ್ಷ, ಮನೆಗೆ ಹಿರಿಯರೂ ಅವರೇ, ಯಜಮಾನರೂ ಅವರೇ. ಬಂದವರನ್ನು ನೋಡಿದರು, ಬಿಳಿ ಗಂಟನ್ನು ನೋಡಿದರು, ಕೆಂಪಾದರು. ಒಳಗೆ ತಿರುಗಿ ಮಗಳಿಗೆ, "ನೋದಿರಾ, ಚಹಾಕ್ಕಿಡು!" ಎಂದು ಕೂಗಿದರು. ಒಳಗೆ ಏನೋ ಕೈಜಾರಿ ಬಿದ್ದ ಸದ್ದಾಯಿತು.

"ದಯಮಾಡಿಸಿ ಓತಾ, ಬನ್ನಿ ಖೋಲಾ. ನೀವು ಬರ್ತೀರಿ ಅಂತ ಮನಸ್ಸಿಗೆ ಹೊಳೀತಾನೇ ಇತ್ತು."

ಮಮಾಸೋಲಿಯನ್ನು ಗೌರವದ ಜಾಗದಲ್ಲಿ ಕೂರಿಸಿದರು. ಗೌರವದ ಜಾಗವೆಂದರೆ ಬಾಗಿಲಿಗೆ ಎಲ್ಲಕ್ಕಿಂತ ದೂರದ ಜಾಗ. ಅವನು ಬಾಗಿಲನ್ನು ನೋಡಿದ. ತನಗೂ ಅದಕ್ಕೂ ನಡುವೆ ಮೂರು ಜನ, ಒಂದು ಊಟದ ಹಾಸು, ಅದರ ಮೇಲೆ ಒಣದ್ರಾಕ್ಷಿ, ಬಾದಾಮಿ, ಕಲ್ಲುಸಕ್ಕರೆ. ಹಲ್ಲು ಸಕ್ಕರೆಯನ್ನು ಕಂಡೇ ಮಿಡಿಯಿತು.

ಮಸ್ತುರಾ ಓಪಾ ಅವನ ಕೆನ್ನೆಯನ್ನು ಗಮನಿಸಿದರು. ಕ್ಲಿನಿಕ್ಕಿನಲ್ಲಾಗಿದ್ದರೆ ಬಾಗಿಲಲ್ಲೇ ರೋಗ ಹೇಳಿಬಿಡುತ್ತಿದ್ದರು. ಆದರೆ ರೊಟ್ಟಿ ಗಂಟಿನ ಜೊತೆ ಮನೆಗೆ ಬಂದ ಗಂಡಸನ್ನು ರೋಗಿಯೆಂದು ಯಾಕೆ ನೋಡುತ್ತಾರೆ? ನಮ್ಮ ಗಂಡಸರ ಬಾಯಿ ಉಬ್ಬಿದ್ದರೆ, ಮಾತು ತೊದಲಿದರೆ, ಕಾರಣ ಒಂದೇ ಇರುವುದು.

"ಅಕಾ, ಬಾಯಲ್ಲಿ ತಂಬಾಕು ಇದ್ರೆ ಸಂಕೋಚ ಮಾಡ್ಕೋಬೇಡಿ. ಹೊರಗೆ ಹೋಗಿ ಉಗಿದು ಬನ್ನಿ" ಎಂದರು. ಅಕಾ ಎಂದರೆ ಅಣ್ಣ.

'ಹೊರಗೆ' ಎಂಬ ಒಂದು ಮಾತು ಮಾತ್ರ ಮಮಾಸೋಲಿಗೆ ಕೇಳಿಸಿತು. ಕೃತಜ್ಞತೆಯಿಂದ ಎದ್ದ. ಓತಾ ನಿಲುವಂಗಿಯ ಅಂಚು ಹಿಡಿದು ಮತ್ತೆ ಕೂರಿಸಿದರು.

ಬಂದ ಕೂಡಲೇ ಬಂದ ಕಾರಣ ಹೇಳುವವರು ನಮ್ಮಲ್ಲಿ ಪೊಲೀಸರು ಮಾತ್ರ. ಆದ್ದರಿಂದ ಮೊದಲು ಆರೋಗ್ಯ ಕೇಳಿದರು. ಬಳಿಕ ದನದ ಆರೋಗ್ಯ, ಚಳಿ, ಕರೆಂಟು, ಯಾರ ಮನೆಯ ಕೊಳಾಯಿ ಒಡೆಯಿತು ಎಂಬುದು. ಎರಡು ಕೆಟಲು ಚಹಾ ಮುಗಿಯಿತು. ಮಮಾಸೋಲಿಯ ಬಟ್ಟಲು ಹಾಗೇ ತಣ್ಣಗಾಯಿತು. ಆಮೇಲೆ ಓತಾ ಗಡ್ಡ ನೀವಿಕೊಂಡು ಕೆಮ್ಮಿದರು. ಅವರ ನಾಲಿಗೆಗೆ ಇನ್ನೊಬ್ಬರ ಮನೆಯ ಹಾಸಿನ ಮುಂದೆ ಹೆಣ್ಣು ಕೇಳುವ ಮಾತೇ ರೂಢಿ. ಬೇರೆ ಮಾತು ಅದಕ್ಕೆ ಬರುತ್ತಲೂ ಇರಲಿಲ್ಲ.

"ಮಗಳೇ, ನಾವು ಯಾಕೆ ಬಂದ್ವಿ ಅಂತ ನೋಡಿದಾಗಲೇ ನಿನಗೆ ಗೊತ್ತಾಗಿರಬೇಕು."

"ಗೊತ್ತಾಯ್ತು ಓತಾ" ಎಂದು ಡಾಕ್ಟರು ಕಣ್ಣು ತಗ್ಗಿಸಿದರು.

"ಇಪ್ಪತ್ತೈದು ವರ್ಷ ಸಾಕಿದ್ದಾಯ್ತು. ಬೆಳೆದು ನಿಂತದ್ದಾಯ್ತು. ಇನ್ನು ಇವರು ತಮ್ಮ ಹತ್ರ ಇಟ್ಕೊಂಡು ಕೂತ್ಕೊಳ್ಳೋದಕ್ಕಾಗಲ್ಲ. ಒಂದು ದಾರಿ ಮಾಡ್ಬೇಕು. ಅದು ನಿನ್ನ ಕೈಲಿದೆ."

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಉಜ್ಬೆಕ್ ಭಾಷೆಯಲ್ಲಿ ಅವನು, ಅವಳು, ಅದು ಎಂಬ ಗೋಜಲು ಇಲ್ಲ. ಎಲ್ಲಕ್ಕೂ 'ಉ' ಎಂಬ ಒಂದೇ ಅಕ್ಷರ. ಗಂಡನೂ ಉ, ಎತ್ತೂ ಉ, ಹಲ್ಲೂ ಉ. ಇದರಿಂದ ಮಕ್ಕಳು ವ್ಯಾಕರಣದಲ್ಲಿ ಪಾಸಾಗುತ್ತಾರೆ, ದೊಡ್ಡವರು ಹೀಗೆ ಸಿಕ್ಕಿಬೀಳುತ್ತಾರೆ. ಇಪ್ಪತ್ತೈದು ವರ್ಷದ ಹಲ್ಲು ಮಮಾಸೋಲಿಯ ಬಾಯಲ್ಲಿತ್ತು, ನಿಜ. ಆದರೆ ಆ ಹಲ್ಲು ಮೊಳೆತ ವರ್ಷವೇ ಹುಟ್ಟಿದ ಮಗ ಮುಖ್ತೋರ್ ಕೂಡ ಅವನಿಗಿದ್ದ. ಪೇಟೆಯಲ್ಲಿ ಫೋನ್ ರಿಪೇರಿ ಮಾಡುತ್ತಿದ್ದ, ಮದುವೆಗೆ ಬೆಳೆದ ಹುಡುಗ.

"ಸ್ವಭಾವ ಹೇಗೆ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

ಖೋಲಾ ಮುಂದೆ ಬಂದಳು. "ಸುಳ್ಳು ಯಾಕೆ ಹೇಳ್ಲಿ. ಇಷ್ಟು ವರ್ಷ ಇರೋದೇ ಗೊತ್ತಾಗ್ತಿರಲಿಲ್ಲ. ಮೊನ್ನೆ ಶುಕ್ರವಾರದಿಂದ ಹಾರಾಟ. ಮನೇಲಿ ಯಾರಿಗೂ ನಿದ್ದೆ ಇಲ್ಲ."

"ಶುಕ್ರವಾರದಿಂದಾನಾ?" ಡಾಕ್ಟರ ತುಟಿಯಲ್ಲಿ ನಗು ಮಿಂಚಿತು. "ನಮ್ಮನೇಲೂ ಶುಕ್ರವಾರದಿಂದಾನೇ ಖೋಲಾ."

"ಹೌದಾ? ನಿಮಗೂನಾ? ಕಾಲವೇ ಹಾಗಿದೆ. ಇನ್ನು ಕುಡಿತದ ವಿಷಯ..."

"ಕುಡಿತವಾ?" ಡಾಕ್ಟರು ಬೆಚ್ಚಿದರು.

"ಬಿಸಿ ಚಹಾ ಕುಡಿದ್ರೂ ರಂಪ, ತಣ್ಣೀರು ಕುಡಿದ್ರೂ ರಂಪ. ಇನ್ನೇನಿಲ್ಲ."

"ಚಹಾನಾ! ಸದ್ಯ. ಅದೆಲ್ಲ ವಯಸ್ಸು ಖೋಲಾ, ಒಂದು ಕಡೆ ನೆಲೆ ಸಿಕ್ಕಿದ್ರೆ ಸರಿಹೋಗುತ್ತೆ."

"ನೆಲೆ ಏನು ಬಂತು ಮಗಳೇ" ಎಂದರು ಓತಾ. "ಬುಡಸಮೇತ ಕಿತ್ತು ತಗೋ. ಅವರ ಹತ್ರ ಒಂದು ಚೂರೂ ಉಳಿಸ್ಬೇಡ."

ಡಾಕ್ಟರಿಗೆ ಈ ಮಾತು ಮಾತ್ರ ಸ್ವಲ್ಪ ಅತಿಯೆನಿಸಿತು. ಮನೆ ಅಳಿಯನಾಗಿ ಕೊಡುತ್ತೇವೆ ಅನ್ನುತ್ತಿದ್ದಾರೆಯೇ? ಆದರೂ ಒಡಹುಟ್ಟಿಲ್ಲದ ಮಗಳು ಜೊತೆಗೇ ಉಳಿಯುವಳೆಂದರೆ ಯಾವ ತಾಯಿಗೆ ಬೇಡ?

ಅಷ್ಟರಲ್ಲಿ ನೋದಿರಾ ಮೂರನೇ ಕೆಟಲು ಚಹಾ ತಂದಳು. ದಂತವೈದ್ಯದ ಕೊನೆಯ ವರ್ಷದಲ್ಲಿದ್ದ ಹುಡುಗಿ. ತಲೆಯ ಮೇಲಿನ ವಸ್ತ್ರ ಕಣ್ಣಿನವರೆಗೆ ಇಳಿದಿತ್ತು. ಎಲ್ಲರಿಗೂ ಬಾಗಿ ವಂದಿಸಿ, ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಹನೀಫಾಗೆ ಹಿಡಿದಳು. ಚಹಾ ಅರ್ಧಕ್ಕಿಂತ ಕಡಿಮೆ ಇತ್ತು. ಎರಡು ಗುಟುಕಿನಷ್ಟೇ ಹಾಕಿ ಮತ್ತೆ ಮತ್ತೆ ತುಂಬುವುದು ತುಂಬಾ ಮರ್ಯಾದೆಯ ಅತಿಥಿಗೆ. ಹನೀಫಾ ಆ ಬಟ್ಟಲನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ರೊಟ್ಟಿ ನೋಡಿದಳು, ಓತಾರ ಗಡ್ಡ ನೋಡಿದಳು, ಗಂಡನ ನಿಲುವಂಗಿ ನೋಡಿದಳು. ತಾವು ಹೆಣ್ಣು ಕೇಳಲು ಬಂದವರೆಂದು ಈ ಮನೆಯವರು ತಿಳಿದಿದ್ದಾರೆಂದು ಹೊಳೆದು, ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

ಕಳೆದ ಒಂದು ವರ್ಷದಲ್ಲಿ ಅವಳು ಮಗನಿಗಾಗಿ ಒಂಬತ್ತು ಮನೆಯ ಹೊಸ್ತಿಲು ತುಳಿದಿದ್ದಳು. ಕುಂಬಾರರ ಮನೆ, ಮಣ್ಣು, ಹೊಗೆ ಎಂದು ಒಂಬತ್ತೂ ಮನೆಯವರು ನಯವಾಗಿ ರೊಟ್ಟಿ ವಾಪಸು ಕಳಿಸಿದ್ದರು. ಈಗ ಡಾಕ್ಟರ ಮನೆ, ಇಂಥ ಹುಡುಗಿ. ಈ ಕ್ಷಣ ಬಾಯಿ ತೆರೆದು, "ನಾವು ಬಂದದ್ದು ಹಲ್ಲಿಗೆ" ಎಂದರೆ ಮುಗಿಯಿತು. ಹನೀಫಾ ಬಾಯಿ ತೆರೆಯಲಿಲ್ಲ. ಹಲ್ಲು ಎಲ್ಲಿಗೆ ಹೋಗುತ್ತೆ, ನಾಳೆಯೂ ಕೀಳಿಸಬಹುದು ಎಂದುಕೊಂಡಳು.

ಡಾಕ್ಟರು ಮಮಾಸೋಲಿಯ ಕಡೆ ತಿರುಗಿದರು. ಅವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಎಂಥ ಸಂಕೋಚದ ಮನುಷ್ಯ ಎಂದು ಅವರಿಗೆ ಪಾಪವೆನಿಸಿತು.

"ಅಕಾ, ಹೆದರ್ಕೋಬೇಡಿ. ಇಷ್ಟು ವರ್ಷ ನಿಮ್ಮ ಜೊತೆ ಇದ್ದು ಬಿಟ್ಟು ಬರೋದು ಅಂದ್ರೆ ನೋವಾಗೇ ಆಗುತ್ತೆ. ಒಂದೆರಡು ದಿನ ಖಾಲಿ ಖಾಲಿ ಅನಿಸುತ್ತೆ. ಆಮೇಲೆ ಅಭ್ಯಾಸ ಆಗುತ್ತೆ. ನನ್ನ ಮೇಲೆ ನಂಬಿಕೆ ಇಡಿ, ಸಾಕು."

ಮೂವತ್ತು ವರ್ಷದಲ್ಲಿ ಮಮಾಸೋಲಿಗೆ ಯಾರೂ ಹೀಗೆ ಹೇಳಿರಲಿಲ್ಲ. ಸೈನ್ಯದ ಡಾಕ್ಟರು ಹೇಳಿದ್ದು "ಬಾಯಿ ತೆಗಿ, ಕತ್ತೆ" ಎಂದಷ್ಟೇ. ಈ ಹೆಂಗಸಿನ ದನಿ ಕೇಳುತ್ತಾ ಕೇಳುತ್ತಾ ಅವನ ಎದೆಯಲ್ಲಿ ಹೆಪ್ಪುಗಟ್ಟಿದ್ದ ಏನೋ ಕರಗಿ ಹರಿಯಿತು. ಹೌದಲ್ಲ, ಇಷ್ಟಕ್ಕೇ ನಾನು ಆವಿಗೆ ಹೊಕ್ಕೆನೆ? ಗಂಡಸಾಗಿ ಹುಟ್ಟಿ! ಬರಲಿ ಇಕ್ಕಳ. ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತು, ಎದೆಯ ಮೇಲೆ ಕೈಯಿಟ್ಟು, "ನಂಬಿಹೆ ಇದೆ" ಎಂದ.

"ಹಾಗಾದ್ರೆ ಓತಾ, ರೊಟ್ಟಿ ನೀವೇ ಮುರೀರಿ" ಎಂದು ಡಾಕ್ಟರು ಬಿಳಿ ಗಂಟನ್ನು ಬಿಚ್ಚಿ ಎರಡೂ ರೊಟ್ಟಿಯನ್ನು ಓತಾರ ಮುಂದಿಟ್ಟರು.

ಹಾಸಿನ ಮುಂದೆ ಕುಳಿತಾಗ ರೊಟ್ಟಿ ಮುರಿಯುವುದು ಯಾವತ್ತೂ ಹಿರಿಯರ ಕೆಲಸ. ಓತಾರಿಗೆ ಹಸಿವೂ ಆಗಿತ್ತು. ಎರಡನ್ನೂ ಒಂದರ ಮೇಲೊಂದಿಟ್ಟು ಮುರಿದರು. ಖೋಲಾ ಅಭ್ಯಾಸಬಲದಿಂದ, "ಜೋಡಿ ಚೆನ್ನಾಗಿರಲಿ" ಎಂದಳು. ಹೇಳಿದ ಮೇಲೆ, ತಾನು ಯಾಕೆ ಹಾಗೆಂದೆ ಎಂದು ಅವಳಿಗೇ ಅನುಮಾನ ಬಂತು. ಅಷ್ಟರಲ್ಲಿ ಎಲ್ಲರೂ ಅಂಗೈ ಎತ್ತಿ ಆಮೀನ್ ಹೇಳಿ ಮುಖ ಸವರಿಕೊಂಡದ್ದಾಗಿತ್ತು. ಡಾಕ್ಟರು ಕಣ್ಣೊರೆಸಿಕೊಂಡು, ಪೆಟ್ಟಿಗೆಯಿಂದ ಮಡಿಕೆ ಬಿಚ್ಚದ ಶುಭ್ರವಾದ ಬಿಳಿ ಬಟ್ಟೆಯೊಂದನ್ನು ತೆಗೆದು ತಂದು, ಮಮಾಸೋಲಿಯ ಹೆಗಲ ಸುತ್ತ ಹೊದಿಸಿ ಎದೆಯ ಮೇಲೆ ಇಳಿಬಿಟ್ಟರು.

ಹೆಣ್ಣು ಕೊಟ್ಟೆವು ಎಂಬುದಕ್ಕೆ ಮುರಿದ ರೊಟ್ಟಿಯೂ ಆ ಬಿಳಿ ಬಟ್ಟೆಯೂ ಗುರುತು. ಆದರೆ ಬಿಳಿ ಬಟ್ಟೆಯನ್ನು ಕುತ್ತಿಗೆಯ ಸುತ್ತ ಹೊದಿಸಿ ಎದೆಯ ಮೇಲೆ ಇಳಿಬಿಡುವುದನ್ನು ಮಮಾಸೋಲಿ ಜೀವನದಲ್ಲಿ ಒಂದೇ ಕಡೆ ನೋಡಿದ್ದ, ಸೈನ್ಯದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಸಮಯ ಬಂತೆಂದು ತಿಳಿದ. ದೇವರ ಹೆಸರು ಹೇಳಿದ. ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಗೋಡೆಗೊರಗಿಸಿ, ಆವಿಗೆಯ ಬಾಯಿಯಂತೆ ತನ್ನ ಬಾಯನ್ನು ತೆರೆದ.

"ಆ..."

ಲವಂಗದ ವಾಸನೆ ಹಾಸಿನ ಮೇಲೆಲ್ಲ ಹರಡಿತು. ಬೀಗರು ಹಾಡಲು ಹೊರಟರೇ, ಆಕಳಿಸುತ್ತಿದ್ದಾರೆಯೇ ಎಂದು ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಕಣ್ಣು ತಾನಾಗಿಯೇ ಒಳಗೆ ಹೋಯಿತು, ಕಸುಬಿನ ಕಣ್ಣಲ್ಲವೇ.

"ಅಯ್ಯೋ ದೇವರೇ! ಏನಕಾ ಇದು? ಹಲ್ಲು ಸೀಳಿಹೋಗಿದೆ, ವಸಡಲ್ಲಿ ಕೀವು ತುಂಬಿದೆ! ಇದನ್ನ ಇವತ್ತೇ ಕೀಳಿಸ್ಬೇಕು!"

"ಅದಕ್ಕೇ ತಾನೇ ಮಗಳೇ ಬಂದದ್ದು" ಎಂದರು ಓತಾ, ರೊಟ್ಟಿ ಅಗಿಯುತ್ತಾ. "ಆಗಿನಿಂದ ನಾನು ಹೇಳ್ತಾ ಇರೋದೇನು?"

ಡಾಕ್ಟರು ಓತಾರನ್ನು ನೋಡಿದರು. ಓತಾ ಕೈಯಲ್ಲಿದ್ದ ಮುರಿದ ರೊಟ್ಟಿಯನ್ನು ನೋಡಿಕೊಂಡರು. ಖೋಲಾ ಮಮಾಸೋಲಿಯ ಎದೆಯ ಮೇಲಿನ ಬಿಳಿ ಬಟ್ಟೆಯನ್ನು ನೋಡಿ ಮೊದಲು ಕೆಂಪಾದಳು, ಆಮೇಲೆ ಬೆಳ್ಳಗಾದಳು. ಓತಾರ ದವಡೆ ಅಗಿಯುವುದನ್ನು ನಿಲ್ಲಿಸಿತು.

"ನೀವು... ಹಲ್ಲಿನ ಮಾತಾಡ್ತಿದ್ರಾ?" ಎಂದರು ಡಾಕ್ಟರು. "ಮುಖ್ತೋರ್ ಮನೆಯವರನ್ನ ಕಳಿಸ್ತೀನಿ ಅಂತ ಶುಕ್ರವಾರವೇ ನನ್ನ ಮಗಳಿಗೆ ಹೇಳಿದ್ನಂತೆ. ನಾನು ಅದಕ್ಕೇ ಕಾಯ್ತಾ ಇದ್ದೆ!"

ಮುಖ್ತೋರ್ ಶುಕ್ರವಾರ ಸಂಜೆ ಅಪ್ಪನ ಹತ್ತಿರ ಮಾತಾಡಲು ಬಂದಿದ್ದು ನಿಜ. ಅಪ್ಪ ಆಗ ಕೆನ್ನೆ ಹಿಡಿದುಕೊಂಡು ಉರುಳಾಡುತ್ತಿದ್ದ. ಹುಡುಗ ಬಂದ ದಾರಿಯಲ್ಲೇ ವಾಪಸು ಹೋಗಿದ್ದ.

ಹನೀಫಾ ತಕ್ಷಣ ಮುಂದೆ ಸರಿದು ಡಾಕ್ಟರ ಎರಡೂ ಕೈ ಹಿಡಿದುಕೊಂಡಳು. "ಬೀಗತಿ, ಎರಡಕ್ಕೂ ಬಂದ್ವಿ. ಯಾವುದನ್ನ ಮೊದಲು ಹೇಳೋದು ಅಂತ ತಿಳೀಲಿಲ್ಲ, ಅಷ್ಟೇ. ಮುರಿದ ರೊಟ್ಟಿ ಯಾರಾದ್ರೂ ಕೂಡಿಸ್ತಾರಾ? ನಿಮ್ಮ ಮಗಳು ಇನ್ನು ನನ್ನ ಮಗಳು."

ಅಷ್ಟು ಹೊತ್ತೂ ಬಾಯಿ ತೆರೆದೇ ಕುಳಿತಿದ್ದ ಮಮಾಸೋಲಿ ಮಾತು ಅರ್ಥವಾದೊಡನೆ ಅದನ್ನು ಮುಚ್ಚಿದ. ಯೋಚಿಸಿದ. ಹುಡುಗಿ ಒಳ್ಳೆಯವಳು, ಮನೆ ಒಳ್ಳೆಯದು, ಮಗ ಒಪ್ಪಿದ್ದಾನೆ. ಸಂತೋಷವೇ. ಅದಕ್ಕಿಂತ ದೊಡ್ಡ ಸಂತೋಷವೆಂದರೆ ಅವನಿಗೆ ಇನ್ನೂ ಭಯವಾಗುತ್ತಿರಲಿಲ್ಲ. ಮೊಣಕಾಲು ಮುಟ್ಟಿ ನೋಡಿಕೊಂಡ, ಗಟ್ಟಿಯಾಗಿತ್ತು.

"ಮಗಂದು ಆಯ್ತಲ್ಲ" ಎಂದು ಎದ್ದು ನಿಂತ. "ಈಗ ಇದು. ತನ್ನಿ ಇಹ್ಕಳ. ಸೂಜಿ ಬೇಡ, ಏನೂ ಬೇಡ. ಕಿತ್ತುಬಿಡಿ!"

ಹನೀಫಾ ಗಂಡನನ್ನು ಕಣ್ಣರಳಿಸಿ ನೋಡಿದಳು. ಓತಾ, "ಭಲೇ ಗಂಡೆ!" ಎಂದು ಕೋಲು ಕುಟ್ಟಿದರು. ಡಾಕ್ಟರು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಕೈಗಳನ್ನು ತೋಳಿನೊಳಗೆ ಬಚ್ಚಿಟ್ಟುಕೊಂಡರು.

"ತೋಬಾ, ತೋಬಾ! ನಾನು ಬೀಗರ ಬಾಯಿಗೆ ಇಕ್ಕಳ ಹಾಕ್ಲಾ?"

"ಯಾಹೆ? ಆಗ್ಲೇ ಕೀಳ್ಬೇಕು ಅಂದ್ರಲ್ಲ!"

"ಆಗ ಒಂದು ಕ್ಷಣ ಮರೆತಿದ್ದೆ. ಇಂಥ ದವಡೆ ಹಲ್ಲು ಸುಮ್ನೆ ಬರುತ್ತಾ ಬೀಗರೇ? ನಿಮ್ಮ ಎದೆ ಮೇಲೆ ಮೊಣಕಾಲು ಊರಿ, ತಲೆ ಹಿಡಿದು ಅಲ್ಲಾಡಿಸ್ಬೇಕು. ನಾಳೆ ಊರು ಏನನ್ನುತ್ತೆ? ಸಂಬಂಧ ಕುದುರಿದ ದಿನಾನೇ ಬೀಗರ ಹಲ್ಲು ಉದುರಿಸಿದ್ಲು ಅನ್ನಲ್ವಾ? ನನ್ನ ಕೈಯಲ್ಲಾಗಲ್ಲ. ಸತ್ರೂ ಆಗಲ್ಲ."

ಓತಾ ಗಂಭೀರವಾಗಿ ತಲೆಯಾಡಿಸಿದರು. "ಅವಳು ಹೇಳೋದು ಸರಿ ಮಮಾಸೋಲಿ. ಬೀಗರ ಮೇಲೆ ಬೀಗತಿ ಕೈ ಮಾಡೋದು ಅಂದ್ರೆ ಎಲ್ಲಾದ್ರೂ ಉಂಟಾ?"

"ಹಾಗಾದ್ರೆ ನಿಮ್ಮ ಮಗಳು? ಅವಳೂ ಓದ್ತಿದಾಳಲ್ಲ?"

"ಏನೋ ನೀನು ಹೇಳೋದು!" ಎಂದು ಖೋಲಾ ಹೌಹಾರಿದಳು. "ಸೊಸೆ ಮಾವನ ಮುಖಾನೇ ತಲೆ ಎತ್ತಿ ನೋಡಬಾರದು. ಬಾಯೊಳಗೆ ನೋಡ್ತಾಳಾ? ಮೊದಲ ಮಗು ಆಗೋವರೆಗೆ ನಿನ್ನ ಮುಂದೆ ಅವಳು ಮಾತೂ ಆಡಬಾರದು!"

ಮಮಾಸೋಲಿ ನಿಂತಲ್ಲೇ ನಿಂತ. ಊರಲ್ಲಿ ಹಲ್ಲು ಕೀಳುವವರು ಒಬ್ಬರಿದ್ದರು, ಕಲಿಯುತ್ತಿದ್ದವಳು ಇನ್ನೊಬ್ಬಳು. ಅರ್ಧ ಗಂಟೆಯಲ್ಲಿ ಅವನು ಇಬ್ಬರನ್ನೂ ನೆಂಟರು ಮಾಡಿಕೊಂಡಿದ್ದ.

"ಕೋಕಂದ್ ಪೇಟೇಲಿ ಒಬ್ಬ ಇದಾನೆ" ಎಂದು ಓತಾ ಸಮಾಧಾನ ಹೇಳಿದರು. "ಮೊದಲು ಕುಸ್ತಿ ಪೈಲ್ವಾನ್ ಆಗಿದ್ನಂತೆ. ಸೂಜಿ ಗೀಜಿ ಏನಿಲ್ಲ, ಒಂದೇ ಎಳೆತ."

ಮಮಾಸೋಲಿ ಮೊಣಕಾಲು ಮುಟ್ಟಿ ನೋಡಿಕೊಂಡ. ಅದು ಮತ್ತೆ ನಡುಗುತ್ತಿತ್ತು. ಮಸ್ತುರಾ ಓಪಾರ ದನಿಗೆ ಬಂದ ಧೈರ್ಯ ಕೋಕಂದ್‌ವರೆಗೆ ಬರುವಷ್ಟು ಇರಲಿಲ್ಲ. ಅವನು ಗೌರವದ ಜಾಗದಲ್ಲಿ ಮತ್ತೆ ಕುಸಿದು ಕುಳಿತ.

"ಮನಸ್ಸಿಗೆ ಹಚ್ಕೋಬೇಡಿ ಬೀಗರೇ, ಶುಭ ದಿನ" ಎಂದು ಡಾಕ್ಟರು ಅಕ್ಕರೆಯಿಂದ ಹಾಸಿನ ಮುಂದೆ ಬಾಗಿ, ಬಟ್ಟಲಿನಲ್ಲಿದ್ದ ಕಲ್ಲುಸಕ್ಕರೆಯಲ್ಲೆಲ್ಲ ದೊಡ್ಡ ಹರಳನ್ನು ಆರಿಸಿ ಎತ್ತಿದರು. ಸಂಬಂಧ ಒಪ್ಪಿಗೆಯಾದರೆ ಹೆಣ್ಣಿನ ತಾಯಿ ತನ್ನ ಕೈಯಾರೆ ಬೀಗರ ಬಾಯಿ ಸಿಹಿ ಮಾಡಬೇಕು. ಬೇಡವೆಂದರೆ ಸಂಬಂಧ ಬೇಡವೆಂದಂತೆ. "ಎಲ್ಲಿ, ಬಾಯಿ ತೆಗೀರಿ. ಕಚ್ಚಿ ತಿನ್ಬೇಕು. ಚೀಪಿದ್ರೆ ಸಂಸಾರ ನಿಧಾನ ಆಗುತ್ತೆ ಅಂತಾರೆ."

ಅವನು ಹೆಂಡತಿಯನ್ನು ನೋಡಿದ. ಅವಳು ಒಂಬತ್ತು ಮನೆಯ ಹೊಸ್ತಿಲನ್ನು ಕಣ್ಣಲ್ಲಿಟ್ಟುಕೊಂಡು ಅವನನ್ನು ನೋಡುತ್ತಿದ್ದಳು. ಮಮಾಸೋಲಿ ಬಾಯಿ ತೆರೆದ. ಡಾಕ್ಟರ ಹಗುರ ಕೈ ಕೊನೆಗೂ ಅವನ ಬಾಯಿಯವರೆಗೆ ಬಂತು. ಎಡಗೆನ್ನೆಗೆ ತಳ್ಳಿಕೊಳ್ಳಲು ನಾಲಿಗೆ ಏಳುವ ಮೊದಲೇ ಹರಳನ್ನು ಬಲಗಡೆಯ ಕೊನೆಯ ದವಡೆಗೆ ಸರಿಯಾಗಿ ಕೂರಿಸಿತು.

"ಕಚ್ಚಿ, ಬೀಗರೇ!"

ಕಚ್ಚಿದ.

ಆ ಕೂಗು ಎರಡು ಬೀದಿ ಆಚೆ ಚಹಾದಂಗಡಿಯವರೆಗೆ ಕೇಳಿಸಿತು. ಅಲ್ಲಿದ್ದ ಮುದುಕರು ಬಟ್ಟಲು ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಪ್ಪಿದ್ರು ಅಂತ ಕಾಣುತ್ತೆ" ಎಂದ ಒಬ್ಬ. "ನನ್ನ ಮಗನಿಗೆ ಹೆಣ್ಣು ಸಿಕ್ಕಾಗ ನಾನೂ ಇಷ್ಟು ಸಂತೋಷಪಟ್ಟಿರಲಿಲ್ಲಪ್ಪ."